ಬೀಜದ ಗೋಡೌನಿನಲ್ಲಿ ಕಲಾಕೇಂದ್ರ

ಕಲಾಕೇಂದ್ರ ನಡೆಸುವವರಿಗೆ ಕಲೆ ಗೊತ್ತಿರಬೇಕು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ನಗು ತಡೆದುಕೊಳ್ಳುವುದು ಗೊತ್ತಿದ್ದರೆ ಸಾಕು. ನಮ್ಮಲ್ಲಿ ಏನೂ ಎಡವಟ್ಟಾಗದೆ ಮುಗಿದ ಕಾರ್ಯಕ್ರಮ ಯಾವುದು ಅಂತ ಯೋಚಿಸಿದರೆ, ಮಳೆ ಬಂದು ಮುಂದೂಡಿದ್ದು ಒಂದೇ ನೆನಪಿಗೆ ಬರುತ್ತದೆ.

ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ಸಾಗಿದ್ದವಳು. ರಿಟೈರಾದ ಮೇಲೆ, ಊರಿನವರು ಸೇರಿ ಶುರುಮಾಡಿದ ಕಲಾಕೇಂದ್ರಕ್ಕೆ ಕಾರ್ಯದರ್ಶಿಯಾದೆ. ಕಟ್ಟಡ ಹೊಸದೇನಲ್ಲ. ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತ, ಹಿಂದಿನ ವರ್ಷದಿಂದ ಖಾಲಿ ಬಿದ್ದಿದ್ದ ಬಿತ್ತನೆ ಬೀಜದ ಗೋಡೌನು. ಸುಣ್ಣ ಬಳಿಸಿ, ಮೊಳೆ ಹೊಡೆಸಿ, ಎರಡು ದೊಡ್ಡ ಫ್ಯಾನು ಹಾಕಿಸಿದೆವು. ಅಧ್ಯಕ್ಷರು ರಿಟೈರ್ಡ್ ಪಶುವೈದ್ಯರು. ಊರಿನ ಬಾಯಲ್ಲಿ ದನದ ಡಾಕ್ಟ್ರು. ಅವರಿಗೆ ಕಲೆಯ ಮೇಲೆ ಬಹಳ ಪ್ರೀತಿ. ಆದರೆ ಯಾವ ಚಿತ್ರದಲ್ಲಿ ಹಸು ಕಂಡರೂ ಮೊದಲು ಕೆಚ್ಚಲು ನೋಡುತ್ತಾರೆ. ಬಣ್ಣ, ರೇಖೆ ಎಲ್ಲ ಆಮೇಲೆ.

ಮೊದಲ ದಿನದ ಸಾಲು

ಮೊಟ್ಟಮೊದಲ ಪ್ರದರ್ಶನ. ಒಬ್ಬ ಕಲಾವಿದರ ಮೂವತ್ತು ಚಿತ್ರ ತೂಗುಹಾಕಿದ್ದೆವು. ಎರಡು ದಿನ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದ್ದೆವು. ಬೆಳಿಗ್ಗೆ ಹನ್ನೊಂದಾದರೂ ಬಂದವರು ಇಬ್ಬರೇ. ಒಬ್ಬರು ಕಲಾವಿದರ ಸೋದರಮಾವ, ಇನ್ನೊಬ್ಬರು ಬಾತ್‌ರೂಮ್ ಎಲ್ಲಿದೆ ಅಂತ ಕೇಳಿಕೊಂಡು ಬಂದವರು. ಕಲಾವಿದರ ಮುಖ ನೋಡಲಾಗದೆ ನಾನು ಬಾಗಿಲ ಹತ್ತಿರ ಬಂದೆ. ನೋಡುತ್ತೇನೆ, ಗೇಟಿನಿಂದ ರಸ್ತೆಯವರೆಗೆ ಸಾಲು. ಐವತ್ತು ಜನಕ್ಕೆ ಕಮ್ಮಿಯಿಲ್ಲ.

ಒಳಗೆ ಓಡಿ ಹೇಳಿದೆ. ಕಲಾವಿದರ ಕಣ್ಣಲ್ಲಿ ನೀರು ಬಂತು. “ನೂಕಬೇಡಿ, ಎಲ್ಲರಿಗೂ ಸಿಗುತ್ತೆ,” ಅಂತ ಕೂಗಿ ಬಾಗಿಲು ತೆಗೆದೆ. ನನ್ನ ಅರ್ಥ, ಎಲ್ಲರಿಗೂ ನೋಡಲು ಸಿಗುತ್ತೆ ಅಂತ.

ಅಂಥ ಶಿಸ್ತಿನ ಪ್ರೇಕ್ಷಕರನ್ನು ನಾನು ಆಮೇಲೆ ಕಂಡಿಲ್ಲ. ಒಬ್ಬರ ಹಿಂದೆ ಒಬ್ಬರು, ಪ್ರತಿ ಚಿತ್ರದ ಮುಂದೂ ಒಂದು ನಿಮಿಷ ನಿಂತು, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕೆಂಪು ಹೊಲದ ಒಂದು ಚಿತ್ರದ ಮುಂದೆ ಒಬ್ಬ ರೈತರು ನಿಂತು ಕಲಾವಿದರನ್ನು ಕೇಳಿದರು, “ಇದು ಹೊಸದಾ ಸಾರ್?”

“ಹೂಂ, ಈ ವರ್ಷವೇ ಶುರುಮಾಡಿದ್ದು.”

“ಎಷ್ಟು ದಿನ ತಗಂತದೆ?”

“ಎರಡು ತಿಂಗಳು ಹಿಡೀತು.”

“ಪರ್ವಾಗಿಲ್ವೇ. ನಮ್ಮದು ನಾಲ್ಕು ತಿಂಗಳು ತಗಂತೈತೆ.”

ಕಲಾವಿದರು ನನ್ನ ಕಡೆ ತಿರುಗಿ, ಇವರೂ ಚಿತ್ರ ಬರೆಯುತ್ತಾರಂತೆ ಅಂತ ಪಿಸುಗುಟ್ಟಿದರು.

ಕೊನೆಯಲ್ಲಿ ಒಂದು ಟೇಬಲ್ಲು, ಅದರ ಮೇಲೆ ಅಭಿಪ್ರಾಯದ ಪುಸ್ತಕ. ಮೊದಲು ಬಂದವರು ಪ್ಲಾಸ್ಟಿಕ್ ಕವರಿನಿಂದ ಆಧಾರ್ ಜೆರಾಕ್ಸು, ಪಹಣಿ ತೆಗೆದು ನನ್ನ ಮುಂದಿಟ್ಟು, ಪುಸ್ತಕದಲ್ಲಿ ಹೆಸರು, ಊರು ಬರೆದರು. ‘ನಿಮ್ಮ ಅಭಿಪ್ರಾಯ’ ಅನ್ನುವ ಜಾಗದಲ್ಲಿ ‘ಎರಡು ಮೂಟೆ’ ಅಂತ ಬರೆದು ಸಹಿ ಹಾಕಿದರು.

ಇದು ಈಗ ಗೋಡೌನ್ ಅಲ್ಲ, ಇಲ್ಲಿ ಕಡ್ಲೆಕಾಯಿ ಬೀಜ ಕೊಡುವುದಿಲ್ಲ ಅಂತ ನಾನು ಎಲ್ಲರಿಗೂ ತಿಳಿಸಿ ಹೇಳುವ ಹೊತ್ತಿಗೆ ಗಂಟಲು ಕಟ್ಟಿತು. ಒಬ್ಬರೂ ರೇಗಲಿಲ್ಲ. ಒಬ್ಬ ಯಜಮಾನರು ಪಹಣಿ ಮಡಿಚಿಕೊಳ್ಳುತ್ತಾ ಅಂದರು, “ನಾನೂ ಅಂದ್ಕಂಡೆ ಕಣಮ್ಮ. ಹೋದ್ಸಲ ಬರೀ ಹೆಬ್ಬೆಟ್ಟು ಒತ್ತಿಸ್ಕಂಡು ಕೊಟ್ಟುಬುಟ್ಟಿದ್ರು. ಈ ಸಲ ಬೊಂಬೆ ಎಲ್ಲಾ ನೋಡಿದ ಮ್ಯಾಕೇ ಅಂತ ರೂಲ್ಸು ಬಂದೈತೇನೋ ಅಂತ.”

ದಿನಾ ಬರುವ ರಸಿಕರು

ಒಂದು ಬೇಸಿಗೆಯಲ್ಲಿ ಹದಿನೈದು ದಿನದ ಪ್ರದರ್ಶನ ಇಟ್ಟಿದ್ದೆವು. ವಯಸ್ಸಾದ ಒಬ್ಬರು ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಬರುತ್ತಿದ್ದರು. ಒಣಗಿದ ಕೆರೆಯ ಚಿತ್ರವೊಂದರ ಮುಂದೆ ಕುರ್ಚಿ ಎಳೆದುಕೊಂಡು, ಸ್ವಲ್ಪ ಹೊತ್ತು ನೋಡಿ, ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾಲ್ಕಕ್ಕೆ ಎದ್ದು ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ.

“ಚಿತ್ರವನ್ನ ಒಳಗೆ ಇಳಿಸಿಕೊಳ್ತಿದ್ದಾರೆ. ಅವರ ಹತ್ತಿರ ಚಪ್ಪಲಿ ಸದ್ದು ಮಾಡಬೇಡಿ,” ಅಂದರು ಅಧ್ಯಕ್ಷರು. ಸಮಾರೋಪದ ದಿನ ಅವರಿಗೇ ಸನ್ಮಾನ ಅಂತ ತೀರ್ಮಾನವಾಯಿತು. ಮೈಸೂರು ಪೇಟ, ಶಾಲು, ಹಾರ. ಎರಡು ಮಾತಾಡಿ ಅಂತ ಮೈಕ್ ಕೊಟ್ಟೆವು.

ಅವರು ನಿಧಾನವಾಗಿ ಹೇಳಿದರು. “ನಮ್ಮನೆ ಫ್ಯಾನು ಕೆಟ್ಟು ಹದಿನೈದು ದಿನ ಆಗಿತ್ತು. ರಿಪೇರಿಯವನು ಇವತ್ತು ನಾಳೆ ಅಂತ ಆಟ ಆಡಿಸ್ತಿದ್ದ. ಇವತ್ತು ಬೆಳಿಗ್ಗೆ ಬಂದು ಹಾಕಿಕೊಟ್ಟ. ಇಷ್ಟು ದಿನ ನೀವು ಫ್ಯಾನಿನ ಕೆಳಗೆ ಕೂರಿಸಿಕೊಂಡಿರಿ, ಬಹಳ ಉಪಕಾರ. ಆದರೆ ಈ ಸೆಕೆಯಲ್ಲಿ ಶಾಲು ಯಾಕೆ ಹೊದಿಸಿದಿರಿ ಅಂತ ಮಾತ್ರ ಗೊತ್ತಾಗಲಿಲ್ಲ.”

ಒಂದು ಕುರಿ ಕಮ್ಮಿ

ಹೊರಗಿನಿಂದ ಬಂದ ಒಬ್ಬ ಚಿತ್ರಕಾರರು ಪಾವಗಡದ ಕಡೆಯ ಒಂದು ಕುರಿಹಟ್ಟಿಯಲ್ಲಿ ಒಂದು ವಾರ ಉಳಿದು, ಅಲ್ಲಿಯ ಮಂದೆಯನ್ನು ಬರೆದುಕೊಂಡು ಬಂದರು. ಗೋಡೆಯ ಅರ್ಧ ಭಾಗ ಹಿಡಿಯುವಷ್ಟು ದೊಡ್ಡ ಚಿತ್ರ. ಒಂದು ಜಾಲಿಮರ, ಅದರ ಸುತ್ತ ಕುರಿಗಳು. ಕುರಿಗಳ ಯಜಮಾನನನ್ನು ಅವರೇ ಫೋನ್ ಮಾಡಿ ಕರೆಸಿದ್ದರು.

ಅವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಚಿತ್ರದ ಮುಂದೆ ನಿಂತ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಅಲ್ಲಾಡಲಿಲ್ಲ. ತುಟಿ ಮಾತ್ರ ಏನೋ ಗುಣುಗುಣು ಅನ್ನುತ್ತಿತ್ತು. ಚಿತ್ರಕಾರರು ಗದ್ಗದಿತರಾಗಿ ಹತ್ತಿರ ಹೋಗಿ, “ಏನನ್ನಿಸ್ತಿದೆ?” ಅಂತ ಕೇಳಿದರು.

“ಒಕಟಿ ತಕ್ಕುವ ಉಂದಿ ಸಾರ್,” ಅಂದ. ಅವರಿಗೆ ತೆಲುಗು ಅರ್ಥವಾಗಲಿಲ್ಲ ಅಂತ ಕಂಡು ಕನ್ನಡದಲ್ಲಿ ಹೇಳಿದ. “ಒಂದು ಕಮ್ಮಿ ಐತೆ. ನಂದು ನಲವತ್ತೊಂದು. ಇಲ್ಲಿ ನಲವತ್ತೇ ಐತೆ.”

ಚಿತ್ರಕಾರರು ನಕ್ಕು, “ಅದೊಂದು ಮರದ ಹಿಂದೆ ಇದೆ ಅಂತ ಇಟ್ಕೊಳ್ಳಪ್ಪ,” ಅಂದರು.

ಅವನು ಪಕ್ಕಕ್ಕೆ ಬಾಗಿ ಮರದ ಹಿಂದೆ ನೋಡಿದ. “ಬಾಲ ಆದ್ರೂ ಕಾಣ್ಬೇಕಲ್ಲ ಸಾರ್.”

ಚಿತ್ರದಲ್ಲಿ ಲೆಕ್ಕ ಮುಖ್ಯವಲ್ಲ, ಭಾವ ಮುಖ್ಯ ಅಂತ ಅವರು ವಿವರಿಸಿದರು. ಅವನು ಎಲ್ಲ ಕೇಳಿಸಿಕೊಂಡು ತನ್ನ ಕಷ್ಟ ಹೇಳಿದ. “ನಾಳೆ ನನ್ನ ಹೆಂಡ್ತಿ ನೋಡಾಕೆ ಬತ್ತಾಳೆ. ಅವಳು ಎಣಿಸದೆ ಇರಲ್ಲ. ನಲವತ್ತು ಅಂತ ಗೊತ್ತಾದ್ರೆ, ನನಗೆ ಹೇಳದೆ ಯಾವುದು ಮಾರಿದ್ಯಾ ಅಂತ ಕೇಳ್ತಾಳೆ. ಭಾವ ಅಂದ್ರೆ ಕೇಳಲ್ಲ ಸಾರ್ ಅವಳು.”

ಅಧ್ಯಕ್ಷರು ಪೂರ್ತಿ ಅವನ ಪರ. ಕುರಿ ಕಮ್ಮಿಯಾದರೆ ಮನೆಯಲ್ಲಿ ಏನಾಗುತ್ತದೆ ಅಂತ ಸರ್ವಿಸ್ಸಿನಲ್ಲಿ ಬಹಳ ನೋಡಿದ್ದೇನೆ ಅಂದರು. ಚಿತ್ರಕಾರರು ಬೇರೆ ದಾರಿಯಿಲ್ಲದೆ ಬಣ್ಣ ಕಲಸಿಕೊಂಡು ಸ್ಟೂಲ್ ಹತ್ತಿ, ಒಂದು ಗಂಟೆ ನಿಂತು, ಮರದ ಪಕ್ಕದಲ್ಲಿ ಒಂದು ಕುರಿಯನ್ನು ಬರೆದರು. ಬಹಳ ಮುದ್ದಾದ ಕುರಿ. ಕೆಳಗಿಳಿದು, “ಈಗ ಸರಿಯಾಯ್ತಾ?” ಅಂದರು.

ಅವನು ಹತ್ತಿರ ಹೋಗಿ ಮೇಲಿಂದ ಕೆಳಗೆ ನೋಡಿದ. “ಇದು ನಂದಲ್ಲ ಸಾರ್. ಕಮ್ಮಿ ಇದ್ದಿದ್ದಕ್ಕೆ ಎಡಗಿವಿ ಕಪ್ಪು. ಇದು ಯಾರದೋ ತಪ್ಪಿಸ್ಕೊಂಡು ಬಂದು ಸೇರೈತೆ. ಅವರು ಹುಡುಕ್ಕೊಂಡು ಬಂದ್ರೆ ಜವಾಬು ನೀವೇ ಹೇಳ್ಬೇಕು.”

ಪೆನ್ಸಿಲ್ಲಿನ ಕಾಸಿನ ಸರ

ಕೊರಟಗೆರೆಯಲ್ಲಿ ಒಂದು ಭಾನುವಾರ ಭಾವಚಿತ್ರ ಶಿಬಿರ ಮಾಡಿದೆವು. ಎದುರಿಗೆ ಕೂತವರ ಮುಖವನ್ನು ಅಲ್ಲೇ ಬರೆದುಕೊಡುವುದು. ಸಿದ್ದರಬೆಟ್ಟಕ್ಕೆ ಹೋಗಿಬರುವ ಜನವೆಲ್ಲ ನುಗ್ಗಿದರು. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಬರೆಯುತ್ತಿದ್ದಳು. ಅವಳ ಮುಂದೆ ಒಬ್ಬ ಅಜ್ಜಿ ಬಂದು ಕೂತಳು.

ಮುಖ ಮುಗಿಯಿತು. ಅಜ್ಜಿ ಬಗ್ಗಿ ನೋಡಿ ಹೇಳಿದಳು, “ಕೊಳ್ಳಾಗೆ ಒಂದು ಕಾಸಿನ ಸರ ಹಾಕವ್ವ.”

“ಕೊರಳಲ್ಲಿ ಕರಿದಾರ ಬಿಟ್ರೆ ಏನೂ ಇಲ್ವಲ್ಲಜ್ಜಿ. ಕಂಡಿದ್ದು ತಾನೇ ಬರೀಬೇಕು.”

“ಕಂಡಿದ್ದು ಬರಿಯಾಕೆ ಪೋಟೋ ಸ್ಟುಡಿಯೋ ಐತಲ್ಲವ್ವ. ನಿನ್ತಾವ ಯಾಕೆ ಬರಲಿ? ಪೆನ್ಸಿಲ್ಲಿಗೆ ಚಿನ್ನದ ರೇಟು ಗೊತ್ತಾಗ್ತದಾ? ಹಾಕು, ಎರಡೆಳೆ ಹಾಕು.”

ಹುಡುಗಿ ನಗುತ್ತಾ ಎರಡೆಳೆ ಕಾಸಿನ ಸರ ಬರೆದಳು. ಅಜ್ಜಿ ಕಾಸುಗಳನ್ನು ಬೆರಳಿಟ್ಟು ಎಣಿಸಿ, ಒಂದು ಕಡೆ ಒಂದು ಜಾಸ್ತಿಯಾಗಿದೆ ಅಂತ ಅಳಿಸಿಹಾಕಿಸಿದಳು. ಸರ ನಿಜಕ್ಕೂ ಇತ್ತಂತೆ. ಮಗಳ ಮದುವೆಯಲ್ಲಿ ಮುರಿಸಿ ಎಷ್ಟೋ ವರ್ಷವಾಗಿತ್ತು.

ಎರಡು ವಾರ ಕಳೆದಿರಬೇಕು. ಇಬ್ಬರು ಹೆಂಗಸರು ಬಸ್ಸಿಳಿದು ಮಧುಗಿರಿಗೇ ಬಂದರು. ಅಜ್ಜಿಯ ಸೊಸೆಯರು. ನೀರು ಕುಡಿದು, ಸುತ್ತಮುತ್ತ ನೋಡಿ, ದೊಡ್ಡವಳು ಮೆಲ್ಲಗೆ ಕೇಳಿದಳು, “ಮೇಡಮ್ಮೋರೆ, ನಮ್ಮತ್ತೆ ಚಿತ್ರ ಬರೆಸಿದ ದಿನ ಕೊಳ್ಳಾಗೆ ಸರ ಇತ್ತಾ?”

ನಾನು ಸುಳ್ಳು ಹೇಳುವವಳಲ್ಲ. ಆದರೆ ಅಜ್ಜಿಯ ಮುಖ ಕಣ್ಣ ಮುಂದೆ ಬಂತು. “ಚಿತ್ರದಲ್ಲಿ ಇದೆಯಲ್ಲಮ್ಮ,” ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

ಮುಂದಿನ ತಿಂಗಳು ಅಜ್ಜಿಯೇ ಬಂದಳು, ಚಿತ್ರವನ್ನು ಸುರುಳಿ ಸುತ್ತಿಕೊಂಡು. ಮುಖದಲ್ಲಿ ಕಳೆ ಬಂದಿತ್ತು. ಹೇಗಿದ್ದೀರಿ ಅಂತ ಕೇಳಿದೆ.

“ಚೆಂದಾಗಿದೀನಿ ಕಣವ್ವ. ಸರ ಬರೆದಾಗಿಂದ ಕಾಪಿ ಹಾಸಿಗೆತಾವ್ಕೇ ಬತ್ತೈತೆ. ಒಬ್ಳು ಬಿಸ್ನೀರು ಕಾಯಿಸ್ತಾಳೆ, ಇನ್ನೊಬ್ಳು ಕಾಲು ಒತ್ತುತಾಳೆ. ಇಬ್ರೂ ನಾನು ಎಲ್ಲಿಟ್ಟಿದೀನಿ ಅಂತ ಕೇಳಾಕಿಲ್ಲ, ನಾನೂ ಹೇಳಾಕಿಲ್ಲ. ಈಗ ಸೊಂಟಕ್ಕೊಂದು ಡಾಬು ಬರೆಸಿಕೊಡು, ಮುದ್ದೆಗೆ ತುಪ್ಪಾನೂ ಬೀಳ್ಲಿ.”

“ಅಜ್ಜಿ, ಚಿತ್ರ ಎದೆವರೆಗೆ ಅಷ್ಟೇ ಇದೆ. ಸೊಂಟವೇ ಇಲ್ಲವಲ್ಲ.”

“ಅದುಕ್ಕೇನು,” ಅಂತ ಅಜ್ಜಿ ಸುರುಳಿ ಬಿಚ್ಚಿ ಟೇಬಲ್ಲಿನ ಮೇಲೆ ಹಾಸಿದಳು. “ಕೆಳಗೊಂದು ಹಾಳೆ ಅಂಟಿಸು.”

ಅಡ್ಡ ಬಂದ ಕೈ

ಶಿರಾದಲ್ಲಿ ಶಾಲಾ ಮಕ್ಕಳಿಗೆ ಚಿತ್ರಸ್ಪರ್ಧೆ. ಮುಂದೆ ಇಟ್ಟದ್ದನ್ನು ನೋಡಿ ಹಾಗೇ ಬರೆಯಬೇಕು. ಹಣ್ಣಿನ ತಟ್ಟೆ ಇಡೋಣ ಅಂತ ಅಧ್ಯಕ್ಷರು ನನ್ನನ್ನೂ ಕರೆದುಕೊಂಡು ಮಾರ್ಕೆಟ್ಟಿಗೆ ಹೋದರು. ಹಣ್ಣಿನಂಗಡಿಯ ಸಾಬರು ಕೇಳಿದರು, “ತಿನ್ನೋಕಾ ಸಾಬ್, ನೋಡೋಕಾ?”

“ಚಿತ್ರ ಬರೆಯೋಕೆ.”

“ಹಂಗಾದ್ರೆ ಮೀಠಾ ಇರೋದು ಯಾಕೆ, ಖೂಬ್‌ಸೂರತ್ ಇರೋದು ಕೊಡ್ತೀನಿ.”

ಅಧ್ಯಕ್ಷರು ಒಂದು ಕ್ಷಣ ಯೋಚಿಸಿ, “ಎರಡೂ ಇರಲಿ,” ಅಂದರು. ಆಗಲೇ ನನಗೆ ಹೊಳೆಯಬೇಕಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಅವರ ಶ್ರೀಮತಿಯವರು ಸೀಬೆಕಾಯಿ ಬಿಟ್ಟು ಬೇರೆ ಹಣ್ಣು ಮುಟ್ಟಗೊಡುವುದಿಲ್ಲ. ಆ ದಿನ ಬಹುಮಾನ ಕೊಡಲು ಬರುವ ಮುಖ್ಯ ಅತಿಥಿಯೂ ಆ ಶ್ರೀಮತಿಯವರೇ.

ಬಾಳೆಹಣ್ಣು, ಸೀತಾಫಲ, ದಾಳಿಂಬೆ, ದ್ರಾಕ್ಷಿ. ತಟ್ಟೆ ಕೋಣೆಯ ಮಧ್ಯೆ ಒಂದು ಟೇಬಲ್ಲಿನ ಮೇಲೆ. ಅದರ ಪಕ್ಕದಲ್ಲೇ ಮೇಲ್ವಿಚಾರಣೆಗೆ ಅಧ್ಯಕ್ಷರ ಕುರ್ಚಿ. “ಏನು ಕಾಣುತ್ತೋ ಅದನ್ನೇ ಬರೀಬೇಕು ಮಕ್ಕಳೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ,” ಅಂತ ಅವರೇ ನಿಯಮ ಹೇಳಿದರು. ನಾನು ಹೊರಗೆ ಸರ್ಟಿಫಿಕೇಟಿಗೆ ಹೆಸರು ಬರೆಯುತ್ತಾ ಕೂತೆ.

ಎರಡು ಗಂಟೆಯ ನಂತರ ಚಿತ್ರಗಳನ್ನು ತಂದು ಸಾಲಾಗಿ ಇಟ್ಟಾಗ ನನಗೆ ತಲೆ ಕೆಟ್ಟಿತು. ಬೇಗ ಮುಗಿಸಿದ ಮಗುವಿನ ಚಿತ್ರದಲ್ಲಿ ಆರು ಬಾಳೆಹಣ್ಣು, ಮೂರು ಸೀತಾಫಲ. ಆಮೇಲಿನದರಲ್ಲಿ ನಾಲ್ಕು ಬಾಳೆಹಣ್ಣು. ಇನ್ನೊಂದರಲ್ಲಿ ಸೀತಾಫಲ ಒಂದೇ. ಕೊನೆಗೆ ಮುಗಿಸಿದ ಹುಡುಗನ ಚಿತ್ರದಲ್ಲಿ ಒಂದು ದಾಳಿಂಬೆ ಮತ್ತು ದ್ರಾಕ್ಷಿಯ ಬರಿಯ ಕಡ್ಡಿ.

ಮುಖ್ಯ ಅತಿಥಿಗಳು ಕನ್ನಡಕ ಹಾಕಿಕೊಂಡು ಒಂದೊಂದೇ ನೋಡುತ್ತಾ ಬಂದರು. ಏಳನೇ ಕ್ಲಾಸಿನ ಒಬ್ಬ ಹುಡುಗಿಯ ಚಿತ್ರದ ಮುಂದೆ ನಿಂತರು. ತಟ್ಟೆ, ಹಣ್ಣು, ನೆರಳು ಎಲ್ಲ ಸೊಗಸಾಗಿತ್ತು. ಬಲಗಡೆಯಿಂದ ಒಂದು ಕೈ ಬಂದು ಸೀತಾಫಲವನ್ನು ಹಿಡಿದಿತ್ತು.

“ಈ ಕೈ ಯಾರದು ಮಗು?”

“ಗೊತ್ತಿಲ್ಲ ಮಿಸ್. ಅಡ್ಡ ಬರ್ತಾನೇ ಇತ್ತು. ಕಂಡಿದ್ದನ್ನೇ ಬರೀಬೇಕು ಅಂದಿದ್ರಲ್ಲ, ಅದಕ್ಕೆ ಬರೆದೆ.”

“ಬಹಳ ಚೆನ್ನಾಗಿ ಬರೆದಿದ್ದೀಯ. ಅದರಲ್ಲೂ ಈ ಹವಳದ ಉಂಗುರ. ನಾನೇ ಆರಿಸಿ ಕೊಡಿಸಿದ್ದು,” ಅಂದರು ಮುಖ್ಯ ಅತಿಥಿಗಳು.

ಮೊದಲ ಬಹುಮಾನ ಆ ಹುಡುಗಿಗೇ. ಫೋಟೋದಲ್ಲಿ ನೋಡಬಹುದು, ಅಧ್ಯಕ್ಷರು ಎಡಗೈಯಿಂದ ಚಪ್ಪಾಳೆ ತಟ್ಟುವ ಪ್ರಯತ್ನದಲ್ಲಿದ್ದಾರೆ. ಬಲಗೈ ಜೇಬಿನಿಂದ ಹೊರಗೆ ಬರಲೇ ಇಲ್ಲ. ಚಿತ್ರವನ್ನು ಅವರ ಶ್ರೀಮತಿಯವರು ಹುಡುಗಿಯನ್ನು ಕೇಳಿ ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ.

ಬಸ್ಸಿಗೆ ಕಾಯುವ ಅವ್ವ

ಮಿಡಿಗೇಶಿಯ ಒಬ್ಬ ಯುವಕ ಹಳೆಯ ಪೇಪರು ನೆನೆಸಿ ರುಬ್ಬಿ, ಅಂಟು ಬೆರೆಸಿ ಬೊಂಬೆ ಮಾಡುತ್ತಾನೆ. ಕೈ ಬಹಳ ಚೆನ್ನಾಗಿದೆ. ಆದರೆ ಅವನ ತಾಯಿಗೆ ಅದು ಹಿಡಿಸುತ್ತಿರಲಿಲ್ಲ. ಮಗ ಏನು ಮಾಡ್ತಾನೆ ಅಂತ ಊರಲ್ಲಿ ಕೇಳಿದರೆ ಕಾಗದ ರುಬ್ತಾನೆ ಅಂತ ಹೆಂಗೆ ಹೇಳಲಿ ಅನ್ನುತ್ತಿದ್ದಳಂತೆ. ಅವನು ಹಟ ಹಿಡಿದು ಅವಳದೇ ಬೊಂಬೆ ಮಾಡಿದ. ಆಳೆತ್ತರದ್ದು, ಮಡಿಲಲ್ಲಿ ಚೀಲ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಾ ಕೂತ ಹೆಂಗಸು. ಅವಳ ಹಳೆಯ ಹಸಿರು ಸೀರೆಯನ್ನೇ ಉಡಿಸಿದ. ಮಾಡಿದ್ದೆಲ್ಲ ಸ್ನೇಹಿತನ ಶೆಡ್ಡಿನಲ್ಲಿ, ತಾಯಿಗೆ ತೋರಿಸಿರಲಿಲ್ಲ. ಪ್ರದರ್ಶನದ ದಿನವೇ ನೋಡಲಿ ಅಂತ. ಆ ದಿನ ಬೆಂಗಳೂರಿನಿಂದ ಒಬ್ಬ ವಿಮರ್ಶಕರು ಬಂದು, ದೊಡ್ಡ ಪ್ರದರ್ಶನವೊಂದಕ್ಕೆ ಒಂದು ಕೃತಿ ಆರಿಸುವುದಿತ್ತು. ಅವನ ಪ್ರಾಣವೆಲ್ಲ ಅದರಲ್ಲೇ ಇತ್ತು.

ಬೊಂಬೆಯನ್ನು ಬಸ್ಸಿನಲ್ಲೇ ತಂದ. ಕಂಡಕ್ಟರು ಕೇಳಿದರಂತೆ, “ಇದು ಲಗೇಜಾ, ಪ್ಯಾಸೆಂಜರಾ?”

“ಲಗೇಜು ಸಾರ್.”

“ಲಗೇಜು ಸೀಟಲ್ಲಿ ಕೂರಂಗಿಲ್ಲ.”

“ನಿಲ್ಲಿಸಾಕಾಗಲ್ಲ ಸಾರ್. ಕೂತಿರಂಗೇ ಮಾಡಿರೋದು.”

“ಕೂತ್ರೆ ಪ್ಯಾಸೆಂಜರು. ಹೆಂಗಸ್ರಿಗೆ ಫ್ರೀ. ಆಧಾರ್ ತೋರ್ಸು.”

ಇವನು ಮೊಬೈಲಿನಲ್ಲಿದ್ದ ತಾಯಿಯ ಆಧಾರ್ ತೋರಿಸಿದ. ಕಂಡಕ್ಟರು ಅದನ್ನೂ ಬೊಂಬೆಯನ್ನೂ ನೋಡಿ, ಆಧಾರ್ ಫೋಟೋಗಿಂತ ಇದೇ ವಾಸಿ ಅಂತ ಹೇಳಿ, ಲಗೇಜ್ ಟಿಕೆಟ್ಟೇ ಕೊಟ್ಟರು. ಪಕ್ಕದ ಸೀಟಿನ ಹೆಂಗಸೊಬ್ಬಳು ದಾರಿಯುದ್ದಕ್ಕೂ ಬೊಂಬೆಯನ್ನು ಮಾತಾಡಿಸಿ, ಎಲೆ ಅಡಿಕೆ ನೀಡಿ, ಮಧುಗಿರಿಯಲ್ಲಿ ಇಳಿಯುವಾಗ, “ಏನು ಬಿಗುಮಾನವೋ ಇವಳ್ದು,” ಅಂದು ಹೋದಳಂತೆ.

ಬಾಗಿಲ ಪಕ್ಕದಲ್ಲೇ ಒಂದು ಬೆಂಚು ಹಾಕಿ ಬೊಂಬೆ ಕೂರಿಸಿದೆವು. ಮೇಲೆ ‘ಬಸ್ಸು ಇನ್ನೂ ಬಂದಿಲ್ಲ’ ಅಂತ ಚೀಟಿ. ಅತಿಥಿಗಳು ಬರಲು ಹತ್ತು ನಿಮಿಷ ಇರುವಾಗ ಬಸ್ಸಿನ ಕುಲುಕಾಟಕ್ಕೆ ಬೊಂಬೆಯ ಒಂದು ಬೆರಳು ಸಡಿಲವಾಗಿರುವುದು ಕಂಡು, ಅವನು ಅದನ್ನೆತ್ತಿಕೊಂಡು ಅಂಟಿಸಲು ಹಿಂದಿನ ರೂಮಿಗೆ ಹೋದ. ನಾನು ಅತಿಥಿಗಳನ್ನು ಕರೆತರಲು ಗೇಟಿಗೆ ಹೋಗಿದ್ದೆ. ನನಗೆ ಇದು ಗೊತ್ತಿಲ್ಲ. ಅಷ್ಟರಲ್ಲಿ ಅವನ ತಾಯಿ ಇನ್ನೊಂದು ಬಸ್ಸಿನಲ್ಲಿ ಬಂದು, ಪಕ್ಕದ ಬಾಗಿಲಿಂದ ಒಳಗೆ ನುಗ್ಗಿ, ಸುಸ್ತಾಗಿ ಆ ಖಾಲಿ ಬೆಂಚಿನ ಮೇಲೆ ಕೂತಳು. ಉಟ್ಟಿದ್ದೂ ಹಸಿರು ಸೀರೆ. ಮಡಿಲಲ್ಲಿ ಚೀಲ. ದೊಡ್ಡೋರು ಬರ್ತಾರೆ, ಏನಂದ್ರೂ ಬಾಯಿ ಬುಡಬ್ಯಾಡ, ಅಲ್ಲಾಡಬ್ಯಾಡ ಅಂತ ಮಗ ಮನೆಯಲ್ಲೇ ಹೇಳಿದ್ದ. ಅವಳು ಹಾಗೇ ಕೂತಳು.

ವಿಮರ್ಶಕರು ಬಂದವರೇ ಬೆಂಚಿನ ಮುಂದೆ ನಿಂತರು. ನಾವೆಲ್ಲ ಅವರ ಹಿಂದೆ.

“ಸೀರೆಯ ಮಡಿಕೆ ಚೆನ್ನಾಗಿ ಬಂದಿದೆ,” ಅಂದರು. “ಆದರೆ ಮುಖದ ಸುಕ್ಕು ಅತಿಯಾಯ್ತು. ನಿಜದಲ್ಲಿ ಇಷ್ಟೊಂದು ಸುಕ್ಕು ಇರೋದಿಲ್ಲ.”

ಸೆರಗು ಸ್ವಲ್ಪ ಅಲ್ಲಾಡಿದಂತೆ ಕಂಡಿತು. ಫ್ಯಾನಿನ ಗಾಳಿ ಅಂದುಕೊಂಡೆ.

“ಕೈಯೂ ಅಷ್ಟೇ. ಹೆಂಗಸಿನ ಕೈ ಇಷ್ಟು ಒರಟಾಗಿರುತ್ತಾ?”

ಅಧ್ಯಕ್ಷರು ತಲೆದೂಗಿದರು. ವಿಮರ್ಶಕರು ಕನ್ನಡಕ ತೆಗೆದು, ಗೇಣು ದೂರಕ್ಕೆ ಬಗ್ಗಿ ಕಣ್ಣು ನೋಡಿದರು. “ಇಲ್ಲಿ ನೋಡಿ. ಬಲಗಣ್ಣಲ್ಲಿ ಜೀವ ತುಂಬಿದ್ದಾನೆ. ಎಡಗಣ್ಣು ಮಂಕು. ಕಲಾವಿದ ಇಲ್ಲಿ ಅವಸರ ಮಾಡಿ ಕೆಡಿಸಿದ್ದಾನೆ.”

ಸುಕ್ಕು, ಕೈ ಎಲ್ಲ ತಡೆದುಕೊಂಡಿದ್ದವಳಿಗೆ ಮಗನನ್ನು ಅಂದದ್ದು ತಡೆಯಲಾಗಲಿಲ್ಲ.

“ಅವನೇನೂ ಕೆಡಿಸಿಲ್ಲ ಸ್ವಾಮಿ. ಪೊರೆ ಬಂದೈತೆ. ಬರೋ ತಿಂಗ್ಳು ಆಪ್ರೇಸನ್ನು.”

ವಿಮರ್ಶಕರು ಹಿಂದಕ್ಕೆ ನೆಗೆದ ರಭಸಕ್ಕೆ ನಾನು, ಹಾರದ ತಟ್ಟೆ, ಇಬ್ಬರು ಪತ್ರಕರ್ತರು ಒಟ್ಟಿಗೆ ಗೋಡೆಗೆ ಒರಗಿದೆವು. ದನದ ಡಾಕ್ಟ್ರು ಒಬ್ಬರೇ ಗಾಬರಿಯಾಗಲಿಲ್ಲ. ಮುಂದೆ ಹೋಗಿ, ಹೆಬ್ಬೆಟ್ಟಿನಿಂದ ಅವಳ ರೆಪ್ಪೆ ಎತ್ತಿ ನೋಡಿ, “ಹೌದು, ಪೊರೆಯೇ,” ಅಂದರು.

ಸದ್ದು ಕೇಳಿ ಮಗ ಹಿಂದಿನ ರೂಮಿನಿಂದ ಬಂದ, ಬೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು. ಬೆಂಚಿನ ಮೇಲೊಬ್ಬಳು, ತೋಳಲ್ಲೊಬ್ಬಳು. ವಿಮರ್ಶಕರು ಇಬ್ಬರನ್ನೂ ಎರಡೆರಡು ಸಲ ನೋಡಿ, ಬೆವರು ಒರೆಸಿಕೊಂಡು, “ನನ್ನ ಆಯ್ಕೆ ಇದೇ,” ಅಂದರು. ಯಾವುದು ಅಂತ ಅಧ್ಯಕ್ಷರು ಖಾತ್ರಿ ಮಾಡಿಕೊಂಡರು.

ಮಗ ಮುಂದೆ ಬಂದ. ಬೊಂಬೆಯನ್ನು ತಾಯಿಯ ಪಕ್ಕದಲ್ಲಿ ಕೂರಿಸಿ, “ಅವ್ವಾ, ನೋಡು. ನೀನೇ,” ಅಂದ.

ಅವಳು ಎದ್ದು ನಿಂತಳು. ಬೊಂಬೆಯ ಮೂಗು ನೋಡಿದಳು, ಗದ್ದ ನೋಡಿದಳು, ಸುತ್ತ ಬಂದು ತುರುಬು ನೋಡಿದಳು. ಇಷ್ಟು ವರ್ಷ ಮಗನ ಕೆಲಸವನ್ನು ಒಪ್ಪದವಳು ಈಗ ಏನು ಹೇಳುತ್ತಾಳೋ ಅಂತ ಎಲ್ಲರೂ ಅವಳನ್ನೇ ನೋಡುತ್ತಿದ್ದೆವು. ಮಗ ಬೊಂಬೆಯ ಸೆರಗು ಸರಿಮಾಡುತ್ತಲೇ ಇದ್ದ.

“ಚೆಂದಾಗೈತೆ ಕಣ್ಲಾ,” ಅಂದಳು. “ಜೀವ ಇದ್ದಂಗೇ ಐತೆ. ಆದ್ರೆ ಇದು ನಾನಲ್ಲ, ನಮ್ಮತ್ತೆ. ಸತ್ತು ಹತ್ತು ವರ್ಷ ಆಯ್ತು, ನನ್ನ ಸೀರೆ ಉಟ್ಕಂಡು ಬಂದು ಕೂತವ್ಳೆ ನೋಡು.”